ಕುರ್ಚಿ ಬಿಟ್ಟು ಎದ್ದುಹೋದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ

ನಮ್ಮ ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಇದೆ ಎಂದು ಎಲ್ಲರಿಗೂ ಗೊತ್ತು. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಶುರುವಾದ ಅದು 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ನಮ್ಮ ಭಾಗದವರು ಹೈಕೋರ್ಟ್ ಕೆಲಸ ಅಂದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಕಮಲಾಪುರದ ನಮ್ಮ ದಾದಾ ಹೊಲದ ಕೇಸಿಗಾಗಿ ರೊಟ್ಟಿ ಕಟ್ಟಿಕೊಂಡು ಹೋಗಿ, ತಾರೀಖು ಮುಂದಕ್ಕೆ ಹೋಯಿತು ಎಂದು ಬರಿಗೈಲಿ ವಾಪಸ್ ಬಂದದ್ದನ್ನು ಮನೆಯಲ್ಲಿ ಈಗಲೂ ಹೇಳುತ್ತಾರೆ. ಇಷ್ಟು ಕಷ್ಟಪಟ್ಟು ಜನ ಕೋರ್ಟಿಗೆ ಯಾಕೆ ಹೋಗುತ್ತಾರೆ? ಅಲ್ಲಿ ಕೂತವರು ಯಾರಿಗೂ ಹೆದರುವುದಿಲ್ಲ ಎಂಬ ಒಂದೇ ನಂಬಿಕೆಯಿಂದ. ಆ ನಂಬಿಕೆ ಉಳಿಯಲಿ ಎಂದು ತಮ್ಮ ಕುರ್ಚಿಯನ್ನೇ ಬಿಟ್ಟ ನಮ್ಮ ರಾಜ್ಯದ ಒಬ್ಬ ನ್ಯಾಯಮೂರ್ತಿಯ ಬಗ್ಗೆ ಈ ಸಲ ಬರೆಯುತ್ತಿದ್ದೇನೆ.

ಕೌಡೂರು ಸದಾನಂದ ಹೆಗ್ಡೆಯವರು 1909ರ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರು ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಆ ಕಡೆ ಬಹಳ ಮನೆಗಳಲ್ಲಿ ಮಾತು ತುಳು, ನಮ್ಮ ಮನೆಗಳಲ್ಲಿ ಉರ್ದು ಇದ್ದ ಹಾಗೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಲಾ ಕಾಲೇಜಿನಲ್ಲಿ ಓದಿ ಅವರು ವಕೀಲರಾದರು. ಮುಂದೆ ಸರ್ಕಾರಿ ವಕೀಲರೂ ಪಬ್ಲಿಕ್ ಪ್ರಾಸಿಕ್ಯೂಟರೂ ಆದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು.

1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ ಆಗುವ ಅವಕಾಶ ಬಂತು. ಹೆಗ್ಡೆಯವರು ರಾಜ್ಯಸಭೆಯ ಸ್ಥಾನ ಬಿಟ್ಟು ನ್ಯಾಯಪೀಠಕ್ಕೆ ಬಂದರು. ಇಲ್ಲಿ ಒಂದು ಮಾತು ನೆನಪಿಡಬೇಕು. 1956ರ ನವೆಂಬರ್ 1ರಂದು ನಮ್ಮ ಗುಲ್ಬರ್ಗ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತ್ತು. ಹಾಗಾಗಿ ಅವರು ನಮ್ಮ ಜಿಲ್ಲೆಗೂ ನ್ಯಾಯಮೂರ್ತಿ ಆಗಿದ್ದವರೇ. 1966ರಲ್ಲಿ ದೆಹಲಿ ಹೈಕೋರ್ಟ್ ಹುಟ್ಟಿದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಅವರೇ ಆದರು. ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದರು.

ಸುಪ್ರೀಂ ಕೋರ್ಟ್ ಆಗಿನ್ನೂ ಹದಿನೇಳು ವರ್ಷದ ಸಂಸ್ಥೆ, ಹೆಚ್ಚು ಕಡಿಮೆ ಈಗ ನನಗಿರುವಷ್ಟೇ ವಯಸ್ಸು. 1950ರ ಜನವರಿ 28ರಂದು ಅದು ಉದ್ಘಾಟನೆಯಾಗಿತ್ತು. ಅದರ ಕೆಲಸ ಕೆಳಗಿನ ಕೋರ್ಟುಗಳ ಮೇಲ್ಮನವಿ ಕೇಳುವುದಷ್ಟೇ ಅಲ್ಲ. ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡುವುದೂ ಅದರದ್ದೇ ಕೆಲಸ. ಅದರ ಹತ್ತಿರ ಪೊಲೀಸ್ ಇಲ್ಲ, ಖಜಾನೆ ಇಲ್ಲ. ತೀರ್ಪು ಬರೆಯುವ ಪೆನ್ನು ಮಾತ್ರ ಇದೆ.

ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ 1969ರ ಜುಲೈ 19 ಗೊತ್ತಿರುವ ತಾರೀಖು. ಅಂದು ಇಂದಿರಾ ಗಾಂಧಿಯವರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಅವುಗಳಲ್ಲಿ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಎರಡೂ ಹೆಗ್ಡೆಯವರ ಜಿಲ್ಲೆಯಲ್ಲೇ ಹುಟ್ಟಿದವು. ಅದರ ವಿರುದ್ಧದ ಕೇಸನ್ನು 11 ನ್ಯಾಯಮೂರ್ತಿಗಳ ಪೀಠ ಕೇಳಿತು. 1970ರ ಫೆಬ್ರವರಿಯಲ್ಲಿ ಹತ್ತು ಜನ ಆ ಕಾನೂನು ನಿಲ್ಲುವುದಿಲ್ಲ ಎಂದರು, ಹೆಗ್ಡೆಯವರೂ ಅವರಲ್ಲಿ ಒಬ್ಬರು. ಆ 14 ಬ್ಯಾಂಕುಗಳಿಗೆ ಮಾತ್ರ ಭೇದ ಮಾಡಲಾಗಿದೆ, ಪರಿಹಾರ ಸರಿಯಾಗಿ ಲೆಕ್ಕ ಹಾಕಿಲ್ಲ ಎಂಬುದು ಕಾರಣ. ಒಪ್ಪದಿದ್ದ ಒಬ್ಬರೇ ನ್ಯಾಯಮೂರ್ತಿ ಎ. ಎನ್. ರೇ. ಸರ್ಕಾರ ಕೆಲವೇ ದಿನಗಳಲ್ಲಿ ಹೊಸ ಆರ್ಡಿನೆನ್ಸ್ ತಂದು ಬ್ಯಾಂಕುಗಳನ್ನು ಮತ್ತೆ ವಶಕ್ಕೆ ತೆಗೆದುಕೊಂಡಿತು.

ನಿಜ ಹೇಳಬೇಕೆಂದರೆ ಆ ತೀರ್ಪು ನನಗೆ ಪೂರ್ತಿ ಇಷ್ಟವಾಗುವುದಿಲ್ಲ. ರಾಷ್ಟ್ರೀಕರಣ ಆದ ಮೇಲೆಯೇ ಬ್ಯಾಂಕಿನ ಶಾಖೆಗಳು ಹಳ್ಳಿ ಹಳ್ಳಿಗೆ ಬಂದವು ಎಂದು ನಾವು ಓದುತ್ತೇವೆ. ಕೋರ್ಟು ಶ್ರೀಮಂತರ ಕಡೆ ನಿಂತಿತು ಎಂದು ಆಗ ಬಹಳ ಜನ ದೂರಿದರು. ಆದರೆ ತೀರ್ಪು ನಮಗೆ ಇಷ್ಟವೇ ಎಂಬುದು ಒಂದು ಪ್ರಶ್ನೆ, ಅದನ್ನು ಬರೆದವರು ಹೆದರದೆ ಬರೆದರೇ ಎಂಬುದು ಇನ್ನೊಂದು ಪ್ರಶ್ನೆ.

ಇದಕ್ಕಿಂತ ದೊಡ್ಡ ಕೇಸು ಬಂದದ್ದು ಕಾಸರಗೋಡಿನಿಂದ. ಅಲ್ಲಿಯ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಜಮೀನಿಗಾಗಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಜಮೀನಿನ ಪ್ರಶ್ನೆ ಬೆಳೆದು ಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟು ಬೇಕಾದರೂ ಬದಲಾಯಿಸಬಹುದೇ ಎಂಬ ಪ್ರಶ್ನೆ ಆಯಿತು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಇಂದಿಗೂ ಅದಕ್ಕಿಂತ ದೊಡ್ಡ ಪೀಠ ಕೂತಿಲ್ಲ. 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ತೀರ್ಪು ಬಂತು: ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಮುರಿಯುವಂತಿಲ್ಲ. ಆ ಏಳು ಜನರಲ್ಲಿ ಹೆಗ್ಡೆಯವರು ಇದ್ದರು. ನ್ಯಾಯಮೂರ್ತಿ ಮುಖರ್ಜಿಯಾ ಅವರ ಜೊತೆ ಸೇರಿ ಅವರು ತಮ್ಮ ಅಭಿಪ್ರಾಯ ಬರೆದರು.

ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ನಿವೃತ್ತರಾಗುವ ಹೊತ್ತು ಅದು. ಅವರ ನಂತರ ಹಿರಿತನದಲ್ಲಿ ಶೆಲತ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ಮೂವರೂ ಬಹುಮತದ ತೀರ್ಪಿನಲ್ಲಿದ್ದವರು. ತೀರ್ಪು ಬಂದ ಮರುದಿನವೇ ಸರ್ಕಾರ ಮೂವರನ್ನೂ ದಾಟಿ, ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಎಂದು ಘೋಷಿಸಿತು. ಹಿರಿಯರನ್ನೇ ಮಾಡಬೇಕು ಎಂದು ಸಂವಿಧಾನದಲ್ಲಿ ಬರೆದಿಲ್ಲ, ನ್ಯಾಯಮೂರ್ತಿಯ ವಿಚಾರಧಾರೆಯನ್ನೂ ಸರ್ಕಾರ ನೋಡಬಹುದು ಎಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ವಾದಿಸಿದರು. ಬರೆದಿಲ್ಲ ಎಂಬುದು ನಿಜ. ಆದರೆ ಅದು ನಡೆದುಬಂದ ಪದ್ಧತಿ. ಸರ್ಕಾರಕ್ಕೆ ಇಷ್ಟವಾಗುವಂತೆ ಬರೆದವರಿಗೆ ಮಾತ್ರ ಕುರ್ಚಿ ಎಂದಾದರೆ, ಮುಂದಿನವರು ಪೆನ್ನು ಹಿಡಿಯುವಾಗ ಕಾನೂನು ನೋಡುತ್ತಾರೋ ಕುರ್ಚಿ ನೋಡುತ್ತಾರೋ?

ಶೆಲತ್ ಅವರ ನಂತರ ಸರದಿ ತಮ್ಮದೇ ಇದ್ದ ಹೆಗ್ಡೆಯವರು ಇನ್ನೂ ಒಂದು ವರ್ಷದ ಮೇಲೆ ನ್ಯಾಯಮೂರ್ತಿಯಾಗಿ ಸಂಬಳ, ಬಂಗಲೆ, ಗೌರವದೊಂದಿಗೆ ಕೂರಬಹುದಿತ್ತು. ಕೂರಲಿಲ್ಲ. ಮೂವರೂ ರಾಜೀನಾಮೆ ಕೊಟ್ಟರು.

ಇದನ್ನು ಓದುವಾಗ ನನಗೆ ಅಬ್ಬಾ ನೆನಪಾದರು. ಅವರು ಒಂದು ಅಂಗಡಿಯಲ್ಲಿ ಹಲವು ವರ್ಷ ಲೆಕ್ಕ ಬರೆದರು. ಹಳೆಯ ಮ್ಯಾನೇಜರ್ ಹೋದಾಗ ಮಾಲೀಕರು ಅಬ್ಬಾ ಅವರನ್ನು ಬಿಟ್ಟು, ಅವರೇ ಕೆಲಸ ಕಲಿಸಿದ ಹುಡುಗನನ್ನು ಮ್ಯಾನೇಜರ್ ಮಾಡಿದರು. ಅಬ್ಬಾ ಕೆಲಸ ಬಿಟ್ಟು ಬಂದರು. ಮಕ್ಕಳ ಫೀಸು ಯಾರು ಕಟ್ಟುತ್ತಾರೆ ಎಂದು ಅಮ್ಮಿ ಎರಡು ದಿನ ಮಾತಾಡಲಿಲ್ಲ. ನಾನೂ ಅಬ್ಬಾ ದುಡುಕಿದರು ಎಂದೇ ಅಂದುಕೊಂಡಿದ್ದೆ. ಹೆಗ್ಡೆಯವರ ವಿಷಯ ಹೇಳಿದಾಗ ಅಬ್ಬಾ ನಕ್ಕು, ಅಂಗಡಿ ಮಾಲೀಕನದ್ದು, ಅವನು ಯಾರನ್ನು ಬೇಕಾದರೂ ಕೂರಿಸಬಹುದು, ನನಗೆ ಆದದ್ದು ನನ್ನ ನೋವು ಅಷ್ಟೇ, ಆದರೆ ಕೋರ್ಟು ಯಾರ ಅಂಗಡಿಯೂ ಅಲ್ಲವಲ್ಲ ಎಂದರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿದ್ದದ್ದು ಅಷ್ಟೇ.

ಎರಡು ವರ್ಷದಲ್ಲಿ ತುರ್ತು ಪರಿಸ್ಥಿತಿ ಬಂತು. 1977ರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರನ್ನೂ ಹೀಗೆಯೇ ದಾಟಲಾಯಿತು, ಅವರೂ ರಾಜೀನಾಮೆ ಕೊಟ್ಟರು. ಆಮೇಲೆ ಮುಖ್ಯ ನ್ಯಾಯಮೂರ್ತಿ ನೇಮಕದಲ್ಲಿ ಹಿರಿತನದ ಪದ್ಧತಿ ಮುರಿದಿಲ್ಲ. ಹೆಗ್ಡೆಯವರು ಅದೇ 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು, ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು. ನ್ಯಾಯಮೂರ್ತಿ ಆಗಿದ್ದವರು ರಾಜಕೀಯಕ್ಕೆ ಹೋಗಬಹುದೇ ಎಂದು ಯಾರಾದರೂ ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. 1980ರವರೆಗೆ ಅವರು ಆ ಪೀಠದಲ್ಲಿದ್ದರು. 1979ರಲ್ಲಿ ತಮ್ಮೂರಿನ ಕಡೆಯ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯ ಟ್ರಸ್ಟ್ ಕಟ್ಟಿದರು, ಇಂದು ಅಲ್ಲಿ ದೊಡ್ಡ ಕಾಲೇಜುಗಳಿವೆ. ಅವರ ಮಗ ಸಂತೋಷ್ ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಆಮೇಲೆ ಕರ್ನಾಟಕದ ಲೋಕಾಯುಕ್ತರಾಗಿ ಹೆಸರಾದರು. ಕೆ. ಎಸ್. ಹೆಗ್ಡೆಯವರು 1990ರ ಮೇ 24ರಂದು ತೀರಿಕೊಂಡರು.

ದಾದಾ ಅವರ ಹೊಲದ ಕೇಸು ಕೊನೆಗೆ ನಮ್ಮ ಕಡೆ ಆಗಲಿಲ್ಲ. ಆದರೂ ಜಡ್ಜ್ ಸಾಹೇಬರು ಎರಡೂ ಕಡೆಯವರ ಮಾತು ಪೂರ್ತಿ ಕೇಳಿದರು ಎಂದು ದಾದಾ ಹೇಳುತ್ತಿದ್ದರಂತೆ. ಸೋತವರೂ ಹಾಗೆ ಹೇಳುವಂತಿರಬೇಕು ಕೋರ್ಟು. ಅದಕ್ಕಾಗಿ ಕುರ್ಚಿ ಬಿಟ್ಟವರನ್ನು ನಾವು ಮರೆಯಬಾರದು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ