ತಾನಾಗಿ ತೆರೆದ ಬಾಗಿಲು: ಸರ್ ಎಂ. ವಿಶ್ವೇಶ್ವರಯ್ಯ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಗಳಿಸಿದ ಹಣದಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆತಂದಿತು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿ ನಾಸಿಕ, ಧುಳೆ, ಪುಣೆಗಳಲ್ಲಿ ದುಡಿದರು. ಸಿಂಧದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸಿದರು.

ಪುಣೆಗೆ ನೀರೂಡುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿಬಿದ್ದು ವ್ಯರ್ಥವಾಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆಯೇ ಅದನ್ನು ಹಿಡಿದಿಡಲು ಅವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ನಿಗದಿತ ಮಟ್ಟವನ್ನು ಮೀರಿದಾಗ ಅವು ತಾವಾಗಿ ತೆರೆಯುತ್ತಿದ್ದವು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. 1903ರಲ್ಲಿ ಅಳವಡಿಸಿದ ಈ ವ್ಯವಸ್ಥೆಯನ್ನು ಮುಂದೆ ಗ್ವಾಲಿಯರಿನ ತಿಗ್ರಾ ಹಾಗೂ ಕೃಷ್ಣರಾಜಸಾಗರಗಳಲ್ಲಿಯೂ ಬಳಸಲಾಯಿತು. ಪೇಟೆಂಟ್ ತಮ್ಮದಾದರೂ, ಸರ್ಕಾರಿ ಸೇವೆಯಲ್ಲಿದ್ದ ಕಾರಣ ಅದರ ಗೌರವಧನವನ್ನು ಅವರು ಸ್ವೀಕರಿಸಲಿಲ್ಲ.

ನೀರಿಗೆ ತೆರೆದ ಬಾಗಿಲು ಅವರ ಪಾಲಿಗೆ ಮುಚ್ಚಿಯೇ ಇತ್ತು. ಮುಖ್ಯ ಇಂಜಿನಿಯರ್ ಪದವಿ ಭಾರತೀಯನಿಗೆ ದೊರೆಯುವ ಭರವಸೆಯಿಲ್ಲದ ಆ ಕಾಲದಲ್ಲಿ, 1908ರಲ್ಲಿ ಅವರು ಮುಂಬಯಿಯ ಸೇವೆಯನ್ನು ತೊರೆದರು. ಮರುವರ್ಷ ಮೈಸೂರು ಅವರನ್ನು ಅದೇ ಪದವಿಗೆ ಬರಮಾಡಿಕೊಂಡಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆ ಮೊದಲಾಯಿತು. 1912ರಲ್ಲಿ ಅವರು ದಿವಾನರಾದರು. 1955ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾಗಿ, 1962ರಲ್ಲಿ ನಿಧನರಾದರು.

ಉದ್ಯೋಗವನ್ನರಸಿ ಬಂದು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡಿಗರಿಗೆ, ಇದೇ ಪ್ರಾಂತದಲ್ಲಿ ವಿದ್ಯೆಯೊಂದನ್ನೇ ನಂಬಿ ಬಾಳಿದ ಈ ಹಿರಿಯರು ಮೊದಲ ದಾರಿಗರಲ್ಲೊಬ್ಬರು.