ನೆಲದ ಹೊದಿಕೆ: ಆಲ್ಬರ್ಟ್ ಹೋವರ್ಡ್ ಕಂಡುಕೊಂಡ ದಾರಿ

ಇಂದೋರ್ ಪದ್ಧತಿಯ ಕಾಂಪೋಸ್ಟ್ ಗೊಬ್ಬರವನ್ನು ರೂಪಿಸಿದ ಸರ್ ಆಲ್ಬರ್ಟ್ ಹೋವರ್ಡ್ 1873ರಲ್ಲಿ ಇಂಗ್ಲೆಂಡಿನ ಬೇಸಾಯಗಾರರ ಮನೆಯಲ್ಲಿ ಹುಟ್ಟಿದರು. 1905ರಲ್ಲಿ ಸಸ್ಯಶಾಸ್ತ್ರಜ್ಞರಾಗಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದರು. ಕಲಿಸಲು ಬಂದವರು ಸುತ್ತಲಿನ ರೈತರಿಂದಲೇ ಕಲಿತರು. ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ. ಉದುರಿದ ಎಲೆಯೇ ನೆಲಕ್ಕೆ ಹೊದಿಕೆಯಾಗಿ, ಮುಂದೆ ಕೊಳೆತು ಆಹಾರವೂ ಆಗುತ್ತದೆ ಎಂಬುದನ್ನು ಗಮನಿಸಿದರು. 1924ರಿಂದ 1931ರವರೆಗೆ ಇಂದೋರಿನಲ್ಲಿ ದುಡಿದು, ಕಸಕಡ್ಡಿ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳನ್ನು ಪದರಪದರವಾಗಿ ಹಾಕಿ, ಮಗುಚಿ, ಸುಮಾರು 3 ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ತೋರಿಸಿಕೊಟ್ಟರು. ತಾಯ್ನಾಡಿಗೆ ಮರಳಿದ ಮೇಲೂ ಇದನ್ನೇ ಸಾರುತ್ತಾ 1947ರಲ್ಲಿ ತೀರಿಕೊಂಡರು.

ಪಾಲಿಥೀನ್ ಮೊದಲು ತಯಾರಾದದ್ದು 1933ರಲ್ಲಿ, ಇಂಗ್ಲೆಂಡಿನಲ್ಲೇ. ಹೊಲಕ್ಕೆ ಹೊದಿಕೆಯಾಗಿ ಬಂದದ್ದು ಹೋವರ್ಡರ ಕಾಲ ಮುಗಿದ ಮೇಲೆ. ಈ ಹಾಳೆ ತೇವ ಉಳಿಸುತ್ತದೆ, ಕಳೆ ತಡೆಯುತ್ತದೆ. ಹನಿ ನೀರಾವರಿಯ ತರಕಾರಿ ಮಡಿಗಳಿಗೆ ಅನುಕೂಲವೇ ಸರಿ. ಆದರೆ ಮಣ್ಣಿಗೆ ಸಾರ ಸೇರಿಸುವುದಿಲ್ಲ; ಹರಿದ ಚೂರುಗಳನ್ನು ಆರಿಸಿ ತೆಗೆಯದಿದ್ದರೆ ನೆಲದಲ್ಲೇ ಉಳಿಯುತ್ತವೆ.

ಕೆಂಕೆರೆ ಸೀಮೆಯ ತೆಂಗಿನ ತೋಟಗಳಿಗೆ ಹೋವರ್ಡರ ದಾರಿಯೇ ಲೇಸು. ಮಳೆಗಾಲ ಮುಗಿಯುತ್ತಲೇ ಮರದ ಸುತ್ತ 6 ಅಡಿಯವರೆಗಿನ ಪಾತಿಯಲ್ಲಿ 100 ಕಾಯಿಮಟ್ಟೆಗಳನ್ನು ಉಬ್ಬಿದ ಭಾಗ ಮೇಲಾಗಿ ಜೋಡಿಸಿ. ಇಲ್ಲವೇ 15 ಒಣ ಸೋಗೆ ಹಾಸಿ. ಮಟ್ಟೆಯನ್ನೆಲ್ಲ ಒಲೆಗೋ ನಾರಿನ ಕಾರ್ಖಾನೆಗೋ ಸಾಗಿಸಿದರೆ, ಬೇಸಿಗೆಯಲ್ಲಿ ಒಣಗುವುದು ನಮ್ಮ ಮರದ ಬುಡವೇ.