ಫ್ರೆಡಿ ಮರ್ಕ್ಯುರಿ: ವಿದಾಯ ಹೇಳದೆ ವೇದಿಕೆ ಇಳಿದ ಗಾಯಕ

1986ರ ಆಗಸ್ಟ್ 9, ಶನಿವಾರ. ಲಂಡನ್ ನಗರದ ಉತ್ತರಕ್ಕಿರುವ ನೆಬ್‌ವರ್ತ್ ಉದ್ಯಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಬ್ರಿಟನ್ನಿನ ಪ್ರಸಿದ್ಧ ರಾಕ್ ತಂಡ ‘ಕ್ವೀನ್’ನ ಬೇಸಿಗೆ ಪ್ರವಾಸದ ಕಡೆಯ ಕಾರ್ಯಕ್ರಮವದು. ಸುತ್ತಲಿನ ರಸ್ತೆಗಳು ವಾಹನಗಳಿಂದ ಕಿಕ್ಕಿರಿದಿದ್ದವು. ತಂಡದವರು ಹೆಲಿಕಾಪ್ಟರಿನಲ್ಲಿ ಬಂದಿಳಿದರು. ರಾತ್ರಿ ಕೊನೆಯ ಹಾಡು ಮುಗಿದಾಗ ಗಾಯಕ ಫ್ರೆಡಿ ಮರ್ಕ್ಯುರಿ ಅವರು ಕಿರೀಟ ಧರಿಸಿ, ರಾಜರು ಹೊದೆಯುವಂಥ ಕೆಂಪು ನಿಲುವಂಗಿ ಹೊದ್ದು, ಜನಸ್ತೋಮಕ್ಕೆ ನಮಿಸಿ ಒಳನಡೆದರು.

ತಾವು ಕಂಡದ್ದು ವಿದಾಯದ ಕಾರ್ಯಕ್ರಮವೆಂಬುದು ಅಂದು ಮೈದಾನದಲ್ಲಿದ್ದ ಅಭಿಮಾನಿಗಳಿಗೆ ತಿಳಿದಿರಲಿಲ್ಲ. ಮರ್ಕ್ಯುರಿ ಅವರು ಕ್ವೀನ್ ತಂಡದೊಂದಿಗೆ ಮತ್ತೆಂದೂ ಇಡೀ ಸಂಗೀತ ಕಾರ್ಯಕ್ರಮವೊಂದನ್ನು ನೀಡಲಿಲ್ಲ. ಐದು ವರ್ಷಗಳ ಬಳಿಕ, 45ನೇ ವಯಸ್ಸಿನಲ್ಲಿ ಅವರು ಇಹಲೋಕ ತ್ಯಜಿಸಿದರು.

ಪಂಚಗಣಿಯ ಬಾಲಕ

ರಾಕ್ ಲೋಕದ ಈ ದೊರೆ ಹುಟ್ಟಿದ್ದು ಆಫ್ರಿಕಾದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ, 1946ರ ಸೆಪ್ಟೆಂಬರ್ 5ರಂದು. ಹೆತ್ತವರಿಟ್ಟ ಹೆಸರು ಫಾರೂಖ್ ಬುಲ್ಸಾರಾ. ತಂದೆ ಬೋಮಿ, ತಾಯಿ ಜೆರ್ ಗುಜರಾತ್ ಮೂಲದ ಪಾರ್ಸಿಗಳು. ತಂದೆ ಬ್ರಿಟಿಷ್ ಆಡಳಿತದ ಕಚೇರಿಯಲ್ಲಿ ಕ್ಯಾಷಿಯರ್ ಆಗಿದ್ದರು.

ಎಂಟನೇ ವಯಸ್ಸಿನಲ್ಲಿ ಬಾಲಕನನ್ನು ಹಡಗಿನಲ್ಲಿ ಭಾರತಕ್ಕೆ ಕಳುಹಿಸಲಾಯಿತು. ಸೇರಿದ್ದು ಮಹಾರಾಷ್ಟ್ರದ ಗಿರಿಧಾಮ ಪಂಚಗಣಿಯ ಸೇಂಟ್ ಪೀಟರ್ಸ್ ವಸತಿಶಾಲೆ. ಉತ್ತರ ಕರ್ನಾಟಕದ ಹೊಲಗಳಿಗೆ ನೀರುಣಿಸುವ ಕೃಷ್ಣಾ ನದಿ ಹುಟ್ಟುವ ಮಹಾಬಲೇಶ್ವರ ಅಲ್ಲಿಂದ ಕೂಗಳತೆಯಲ್ಲಲ್ಲದಿದ್ದರೂ ಬಹಳ ದೂರವೇನಿಲ್ಲ. ಅದೇ ಬೆಟ್ಟದ ಸಾಲಿನಲ್ಲಿ ಫಾರೂಖ್ ಪಿಯಾನೊ ಕಲಿತರು. ಸಹಪಾಠಿಗಳೊಂದಿಗೆ ‘ದಿ ಹೆಕ್ಟಿಕ್ಸ್’ ಎಂಬ ವಾದ್ಯತಂಡ ಕಟ್ಟಿದರು. ಫ್ರೆಡಿ ಎಂಬ ಹೆಸರು ಬಂದದ್ದೂ ಆ ಶಾಲೆಯಲ್ಲೇ.

1963ರಲ್ಲಿ ಅವರು ಜಾಂಜಿಬಾರಿಗೆ ಮರಳಿದರು. ಮರುವರ್ಷವೇ ದ್ವೀಪದಲ್ಲಿ ರಕ್ತಸಿಕ್ತ ಕ್ರಾಂತಿಯಾಯಿತು. ಬುಲ್ಸಾರಾ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಗಿ, ಲಂಡನ್ ಹೊರವಲಯದ ಫೆಲ್ತಮ್‌ನಲ್ಲಿ ನೆಲೆಸಿತು. ಈಲಿಂಗ್ ಕಲಾಶಾಲೆಯಲ್ಲಿ ವಿನ್ಯಾಸ ಕಲಿಯುತ್ತಿದ್ದ ತರುಣ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸವನ್ನೂ, ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಹಳೆಯ ಬಟ್ಟೆಗಳ ವ್ಯಾಪಾರವನ್ನೂ ಮಾಡಿದ್ದುಂಟು.

ಪ್ರೇಕ್ಷಕರೇ ಸಹಗಾಯಕರು

1970ರಲ್ಲಿ ಗಿಟಾರ್ ವಾದಕ ಬ್ರಯಾನ್ ಮೇ ಮತ್ತು ಡ್ರಮ್ ವಾದಕ ರೋಜರ್ ಟೇಲರ್ ಅವರೊಂದಿಗೆ ಫ್ರೆಡಿ ಸೇರಿಕೊಂಡರು. ತಂಡಕ್ಕೆ ಕ್ವೀನ್ ಎಂದು ಹೆಸರಿಟ್ಟವರೂ, ಅದರ ಲಾಂಛನ ಬರೆದವರೂ ಅವರೇ. ತಮ್ಮ ಹೆಸರಿಗೆ ಮರ್ಕ್ಯುರಿ ಎಂದು ಸೇರಿಸಿಕೊಂಡರು. ಮರುವರ್ಷ ಬಾಸ್ ಗಿಟಾರಿನ ಜಾನ್ ಡೀಕನ್ ಬಂದರು. ಮುಂದೆ ಕೊನೆಯವರೆಗೂ ಈ ನಾಲ್ವರು ಬದಲಾಗಲಿಲ್ಲ.

1975ರಲ್ಲಿ ಮರ್ಕ್ಯುರಿ ಬರೆದ ‘ಬೊಹೆಮಿಯನ್ ರಾಪ್ಸೊಡಿ’ ಸುಮಾರು ಆರು ನಿಮಿಷದ ಹಾಡು. ರೇಡಿಯೊಗೆ ಇಷ್ಟುದ್ದದ ಹಾಡು ಒಗ್ಗದೆಂಬ ಆಕ್ಷೇಪ ಬಂತು. ಕತ್ತರಿಸಲು ತಂಡ ಒಪ್ಪಲಿಲ್ಲ. ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು!

ಮರ್ಕ್ಯುರಿ ಅವರ ನಿಜವಾದ ಶಕ್ತಿ ಪ್ರಕಟವಾಗುತ್ತಿದ್ದುದು ವೇದಿಕೆಯ ಮೇಲೆ. ಒಂದು ಸ್ವರಗುಚ್ಛವನ್ನು ತಾವು ಹಾಡಿ, ಅದನ್ನೇ ಸಾವಿರಾರು ಕಂಠಗಳಿಂದ ಮರಳಿ ಹಾಡಿಸುವುದು ಅವರ ಪದ್ಧತಿ. 1977ರ ‘ವಿ ಆರ್ ದಿ ಚಾಂಪಿಯನ್ಸ್’ ಹಾಡನ್ನಂತೂ ಪ್ರೇಕ್ಷಕರು ಜೊತೆಗೂಡಿ ಹಾಡಲೆಂದೇ ರಚಿಸಿದರು. 1976ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಉಚಿತ ಕಾರ್ಯಕ್ರಮ ನೀಡಿದ್ದ ತಂಡ, ಹತ್ತು ವರ್ಷಗಳ ನಂತರ ನೆಬ್‌ವರ್ತ್‌ನಲ್ಲಿ ನಿಂತಾಗ ಅದರ ಮೊದಮೊದಲ ಅಭಿಮಾನಿಗಳು ಹರೆಯ ದಾಟಿದ್ದರು. ಹದಿಹರೆಯದ ಹೊಸ ಪೀಳಿಗೆ ಅವರ ಪಕ್ಕದಲ್ಲಿತ್ತು.

ಕಡೆಯ ಪ್ರವಾಸ

ಈ ಹೊಸ ಪೀಳಿಗೆಯನ್ನು ಕರೆತಂದದ್ದು 1985ರ ಜುಲೈ 13ರ ‘ಲೈವ್ ಏಡ್’. ಇಥಿಯೋಪಿಯಾದ ಬರ ಸಂತ್ರಸ್ತರಿಗಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಆ ಕಾರ್ಯಕ್ರಮದಲ್ಲಿ ಕ್ವೀನ್‌ಗೆ ಸಿಕ್ಕಿದ್ದು 20 ನಿಮಿಷಗಳಷ್ಟೇ. ಅಷ್ಟರಲ್ಲೇ 72 ಸಾವಿರ ಪ್ರೇಕ್ಷಕರನ್ನು ಮರ್ಕ್ಯುರಿ ತಮ್ಮ ಅಂಗೈಯಲ್ಲಿಟ್ಟುಕೊಂಡರು.

ಆ ಯಶಸ್ಸಿನ ಹುರುಪಿನಲ್ಲಿ 1986ರ ಜೂನ್ 7ರಂದು ಸ್ಟಾಕ್‌ಹೋಮ್‌ನಿಂದ 26 ಕಾರ್ಯಕ್ರಮಗಳ ಪ್ರವಾಸ ಹೊರಟಿತು. ಕಮ್ಯುನಿಸ್ಟ್ ಆಡಳಿತವಿದ್ದ ಹಂಗೆರಿಯ ಬುಡಾಪೆಸ್ಟ್‌ನಲ್ಲೂ ಕ್ವೀನ್ ಹಾಡಿತು. ಬೇಡಿಕೆ ಹೆಚ್ಚಿದ್ದರಿಂದ ನೆಬ್‌ವರ್ತ್ ಕಾರ್ಯಕ್ರಮ ಸೇರ್ಪಡೆಯಾಯಿತು. ಪ್ರವಾಸ ಮುಗಿದ ಮೇಲೆ ಮರ್ಕ್ಯುರಿ ಇನ್ನು ಇಂಥ ತಿರುಗಾಟ ಬೇಡವೆಂದರು. ದಣಿವು ಆರಿದ ಬಳಿಕ ಮನಸ್ಸು ಬದಲಾದೀತೆಂದು ಅಭಿಮಾನಿಗಳು ಕಾದರು.

ಮೌನದ ವರ್ಷಗಳು

1987ರಲ್ಲಿ ಮರ್ಕ್ಯುರಿ ಅವರಿಗೆ ಏಡ್ಸ್ ಇರುವುದು ದೃಢಪಟ್ಟಿತು. ಆ ಕಾಲದಲ್ಲಿ ಈ ಹೆಸರೇ ಸಾವಿಗೂ ಸಾಮಾಜಿಕ ಕಳಂಕಕ್ಕೂ ಸಮಾನವಾಗಿತ್ತು. ವಿಷಯವನ್ನು ಅವರು ಅತ್ಯಾಪ್ತರಲ್ಲಷ್ಟೇ ಹಂಚಿಕೊಂಡರು. ತಂಡದ ಮಿತ್ರರಿಗೆ ಹೇಳಿದ್ದೂ ತಡವಾಗಿ.

ಪತ್ರಿಕೆಗಳ ಛಾಯಾಗ್ರಾಹಕರು ಮನೆಯ ಬಾಗಿಲು ಕಾಯತೊಡಗಿದರು. 1990ರ ಫೆಬ್ರುವರಿಯಲ್ಲಿ ಬ್ರಿಟ್ ಪ್ರಶಸ್ತಿ ಸ್ವೀಕರಿಸಲು ವೇದಿಕೆಗೆ ಬಂದ ಕೃಶ ದೇಹವನ್ನು ಕಂಡು ಅಭಿಮಾನಿಗಳು ಆತಂಕಗೊಂಡರು. ಆದರೂ ತಂಡ ಕಾಯಿಲೆಯ ಸುದ್ದಿಯನ್ನು ಅಲ್ಲಗಳೆಯುತ್ತಲೇ ಇತ್ತು.

ಪ್ರವಾಸ ನಿಂತರೂ ಹಾಡು ನಿಲ್ಲಲಿಲ್ಲ. ಸ್ಪೇನಿನ ಗಾಯಕಿ ಮೊಂತ್ಸೆರಾತ್ ಕಬಾಯೆ ಅವರೊಂದಿಗೆ ಅವರು ತಂದ ‘ಬಾರ್ಸಿಲೋನಾ’ 1988ರಲ್ಲಿ ಪ್ರಕಟವಾಯಿತು. ಕ್ವೀನ್‌ನ ಮತ್ತೆರಡು ಧ್ವನಿಮುದ್ರಿಕೆಗಳು 1989 ಹಾಗೂ 1991ರಲ್ಲಿ ಹೊರಬಂದವು. ಸ್ವಿಟ್ಜರ್ಲೆಂಡಿನ ಮೊಂತ್ರೊ ಪಟ್ಟಣದ ಸ್ಟುಡಿಯೊದಲ್ಲಿ, ನಿಲ್ಲಲೂ ಕಷ್ಟವಾಗಿದ್ದ ದಿನಗಳಲ್ಲಿ, ಆದಷ್ಟನ್ನು ಹಾಡಿಟ್ಟರು. 1991ರ ಮೇ ತಿಂಗಳಲ್ಲಿ ಹಾಡಿದ ‘ಮದರ್ ಲವ್’ ಪೂರ್ಣವಾಗಲಿಲ್ಲ. ಅದರ ಕೊನೆಯ ಚರಣವನ್ನು ಮುಂದೆ ಬ್ರಯಾನ್ ಮೇ ಹಾಡಬೇಕಾಯಿತು.

1991ರ ನವೆಂಬರ್ 23ರಂದು ಮರ್ಕ್ಯುರಿ ಅವರು ಪ್ರಕಟಣೆಯೊಂದರಲ್ಲಿ ತಮಗೆ ಏಡ್ಸ್ ಇರುವುದನ್ನು ಬಹಿರಂಗಪಡಿಸಿದರು. ಮರುದಿನವೇ ಲಂಡನ್ನಿನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಸತ್ಯ ತಿಳಿದ ಅಭಿಮಾನಿಗಳಿಗೆ ಸಿಕ್ಕ ಕಾಲಾವಕಾಶ ಒಂದೇ ದಿನ! ಪಾರ್ಸಿ ಪುರೋಹಿತರ ಮಂತ್ರಘೋಷದೊಂದಿಗೆ ಅಂತ್ಯಸಂಸ್ಕಾರ ನೆರವೇರಿತು. ಎಚ್‌ಐವಿಯನ್ನು ಹಿಡಿತದಲ್ಲಿಡುವ ಸಂಯುಕ್ತ ಔಷಧ ಚಿಕಿತ್ಸೆ ಬಳಕೆಗೆ ಬಂದದ್ದು ಇನ್ನೂ ಐದು ವರ್ಷಗಳ ನಂತರ.

ತಡವಾಗಿ ಬಂದ ವಿದಾಯ

ನೆಬ್‌ವರ್ತ್‌ನಲ್ಲಿ ಹೇಳಲಾಗದ ವಿದಾಯವನ್ನು ಅಭಿಮಾನಿಗಳು ಹೇಳಿದ್ದು 1992ರ ಏಪ್ರಿಲ್ 20ರಂದು, ಅದೇ ವೆಂಬ್ಲಿ ಕ್ರೀಡಾಂಗಣದಲ್ಲಿ. ಯಾರು ಯಾರು ಹಾಡುತ್ತಾರೆಂಬುದು ತಿಳಿಯುವ ಮೊದಲೇ, ಕೆಲವೇ ಗಂಟೆಗಳಲ್ಲಿ ಟಿಕೆಟುಗಳು ಮಾರಾಟವಾಗಿದ್ದವು. ಎಲ್ಟನ್ ಜಾನ್, ಡೇವಿಡ್ ಬೋವಿ, ಜಾರ್ಜ್ ಮೈಕೆಲ್ ಮುಂತಾದವರು ಅವರ ಹಾಡುಗಳನ್ನು ಹಾಡಿದರು. ಯಾವ ಹೆಸರನ್ನು ಮರ್ಕ್ಯುರಿ ಅಂಜಿ ಮುಚ್ಚಿಡಬೇಕಾಯಿತೋ, ಆ ಕಾಯಿಲೆಯ ಕುರಿತು ಅದೇ ವೇದಿಕೆಯಲ್ಲಿ ನಟಿ ಎಲಿಜಬೆತ್ ಟೇಲರ್ ಮುಕ್ತವಾಗಿ ಮಾತನಾಡಿದರು. ಏಡ್ಸ್ ವಿರುದ್ಧದ ಹೋರಾಟಕ್ಕಾಗಿ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಸ್ಥಾಪನೆಯಾಯಿತು.

1996ರಲ್ಲಿ ಮೊಂತ್ರೊ ಪಟ್ಟಣದ ಸರೋವರದ ದಂಡೆಯಲ್ಲಿ, ಮುಷ್ಟಿ ಎತ್ತಿ ನಿಂತ ಅವರ ಕಂಚಿನ ಪ್ರತಿಮೆ ಅನಾವರಣಗೊಂಡಿತು. 2023ರಲ್ಲಿ ಲಂಡನ್ನಿನಲ್ಲಿ ಅವರ ವಸ್ತುಗಳು ಹರಾಜಾದಾಗ, 1986ರ ಪ್ರವಾಸದ ಆ ಕಿರೀಟ ಮತ್ತು ನಿಲುವಂಗಿಯೂ ಅವುಗಳಲ್ಲಿದ್ದವು. ಅಂದು ನೆಬ್‌ವರ್ತ್‌ನ ಹುಲ್ಲಿನ ಮೇಲೆ ನಿಂತು ಹಾಡಿದ್ದವರ ಬಳಿ ಉಳಿದಿರುವುದು ಆ ಒಂದು ರಾತ್ರಿಯ ನೆನಪು ಮಾತ್ರ.